ಹಿರಿಯರು ಬಿದ್ದ ಮೇಲೆ ತೆರೆದು ನೋಡಬೇಕಾದ ಮಾತ್ರೆ ಡಬ್ಬಿ

ನಮ್ಮ ಸೋದರತ್ತೆಯವರು 74ನೆಯ ವಯಸ್ಸಿನಲ್ಲಿ, ಒಂದು ರಾತ್ರಿ ಮೂರು ಗಂಟೆಯ ಹೊತ್ತಿಗೆ ಬಚ್ಚಲುಮನೆಗೆ ಹೋಗಲೆಂದು ಎದ್ದು, ಮಂಚದಿಂದ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಬಿದ್ದರು. ಮಣಿಕಟ್ಟಿನ ಮೂಳೆ ಮುರಿಯಿತು. ಮನೆಯವರೆಲ್ಲ ನೆಲವನ್ನು ದೂರಿದೆವು. ನುಣುಪಾದ ಟೈಲ್ಸ್ ಮೇಲೆ ರಬ್ಬರ್ ಚಾಪೆ ಹಾಸಿದೆವು, ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿದೆವು, ರಾತ್ರಿಯಿಡೀ ಉರಿಯುವ ಸಣ್ಣ ದೀಪವನ್ನೂ ತಂದೆವು. ಎರಡು ತಿಂಗಳು ಕಳೆದ ಮೇಲೆ ಅದೇ ಹೊತ್ತಿಗೆ, ಆ ಚಾಪೆಯ ಮೇಲೆಯೇ, ಅವರು ಮತ್ತೆ ಬಿದ್ದರು. ಆಗಲೇ ಮೊದಲ ಬಾರಿಗೆ ಅವರು ಮಾತ್ರೆ ಇಟ್ಟುಕೊಳ್ಳುವ ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ನೋಡಿದ್ದು. ಮೂವರು ವೈದ್ಯರು ಬೇರೆ ಬೇರೆ ವರ್ಷಗಳಲ್ಲಿ ಬರೆದುಕೊಟ್ಟ ಒಂಬತ್ತು ಬಗೆಯ ಮಾತ್ರೆಗಳು ಅಲ್ಲಿದ್ದವು. ಅವುಗಳಲ್ಲಿ ನಾಲ್ಕು, ಒಂದೊಂದೂ ತನ್ನದೇ ರೀತಿಯಲ್ಲಿ, ಮನುಷ್ಯನನ್ನು ಬೀಳಿಸಬಲ್ಲಂಥವು.

ಯಾರು ಹೇಗೆ ಬಿದ್ದರೂ ನಾವು 'ಜಾರಿ ಬಿದ್ದರು' ಎಂದುಬಿಡುತ್ತೇವೆ. ಜಾರಿ ಬೀಳುವುದು ಬೇರೆ, ಕಣ್ಣು ಕತ್ತಲೆ ಬಂದು ಬೀಳುವುದು ಬೇರೆ, ಕಾಲು ಎತ್ತಿಡಲಾಗದೆ ಮುಗ್ಗರಿಸುವುದು ಬೇರೆ, ಅರೆನಿದ್ದೆಯ ಮಂಪರಿನಲ್ಲಿ ಓಲಾಡಿ ಬೀಳುವುದು ಮತ್ತೂ ಬೇರೆ. ಮೊದಲನೆಯದಕ್ಕೆ ನೆಲ ಕಾರಣವಾದರೆ ಉಳಿದ ಮೂರಕ್ಕೆ ಬಹಳಷ್ಟು ಸಲ ಔಷಧಿಯೂ ಒಂದು ಕಾರಣವಾಗಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಜನ ಬಿದ್ದು ಸಾಯುತ್ತಾರೆ, ಮತ್ತು ಹಾಗೆ ಸಾಯುವವರಲ್ಲಿ 60 ದಾಟಿದವರೇ ಹೆಚ್ಚು. ಬೀಳುವುದಕ್ಕೆ ವಯಸ್ಸು, ದೃಷ್ಟಿ, ಸ್ನಾಯುಗಳ ಬಲ, ಮನೆಯ ಹೊಸ್ತಿಲು ಮೊದಲಾದ ಕಾರಣಗಳು ಹಲವಿದ್ದರೂ, ಒಂದು ಚೀಟಿಯನ್ನು ಮರುಪರಿಶೀಲಿಸಿ ಬದಲಾಯಿಸಬಹುದಾದ ಕಾರಣವೆಂದರೆ ಮಾತ್ರೆಗಳೇ. ಆದ್ದರಿಂದಲೇ ಹಿರಿಯರೊಬ್ಬರು ಬಿದ್ದ ದಿನ ಕೇಳಬೇಕಾದ ಮೊದಲ ಪ್ರಶ್ನೆಗಳಲ್ಲಿ 'ಯಾವ ಮಾತ್ರೆ, ಎಷ್ಟು ಹೊತ್ತಿಗೆ ತೆಗೆದುಕೊಂಡಿದ್ದಿರಿ?' ಎಂಬುದೂ ಇರಬೇಕೆಂದು ನಾನು ಒತ್ತಿ ಹೇಳುತ್ತೇನೆ.

ಮಾತ್ರೆ ಹೇಗೆ ಬೀಳಿಸುತ್ತದೆ ಎಂಬುದನ್ನು ತಿಳಿಯಲು, ಎದ್ದು ನಿಲ್ಲುವಾಗ ದೇಹದೊಳಗೆ ಏನು ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು. ಮಲಗಿದ್ದವರು ಎದ್ದು ನಿಂತೊಡನೆ ಅರ್ಧ ಲೀಟರಿನಿಂದ ಒಂದು ಲೀಟರಿನಷ್ಟು ರಕ್ತ ಕಾಲುಗಳ ಮತ್ತು ಹೊಟ್ಟೆಯ ರಕ್ತನಾಳಗಳಿಗೆ ಇಳಿಯುತ್ತದೆ. ಕತ್ತಿನ ಇಕ್ಕೆಲಗಳ ರಕ್ತನಾಳಗಳಲ್ಲೂ ಹೃದಯದಿಂದ ಹೊರಡುವ ಮಹಾಧಮನಿಯಲ್ಲೂ ಒತ್ತಡವನ್ನು ಗುರುತಿಸುವ ನರತುದಿಗಳಿದ್ದು, ಅವು ಮೆದುಳಿಗೆ ಕ್ಷಣಮಾತ್ರದಲ್ಲಿ ಸುದ್ದಿ ಮುಟ್ಟಿಸುತ್ತವೆ. ಹೃದಯದ ಬಡಿತ ಹೆಚ್ಚುತ್ತದೆ, ಕಾಲಿನ ರಕ್ತನಾಳಗಳು ಬಿಗಿಯುತ್ತವೆ, ಮೆದುಳಿಗೆ ರಕ್ತ ಕಡಿಮೆಯಾಗದಂತೆ ಕಾಯುತ್ತವೆ. ವಯಸ್ಸಾದಂತೆ, ಅದರಲ್ಲೂ ದೀರ್ಘಕಾಲದ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಈ ಏರ್ಪಾಡು ನಿಧಾನವಾಗುತ್ತದೆ. ಅದರ ಮೇಲೆ ರಕ್ತನಾಳವನ್ನು ಸಡಿಲಿಸುವ ಒಂದು ಮಾತ್ರೆ, ಹೃದಯದ ಬಡಿತವನ್ನು ತಗ್ಗಿಸುವ ಇನ್ನೊಂದು, ದೇಹದ ನೀರನ್ನು ಹೊರಹಾಕುವ ಮತ್ತೊಂದು ಸೇರಿದರೆ, ಒಂದೊಂದೂ ಸರಿಯಾದ ಕಾರಣಕ್ಕೇ ಬರೆದದ್ದಾದರೂ, ಎದ್ದು ನಿಂತ ಆ ಒಂದು ನಿಮಿಷದಲ್ಲಿ ದೇಹಕ್ಕೆ ಆಸರೆ ಉಳಿಯುವುದಿಲ್ಲ.

ಬಿಪಿ ಮಾತ್ರೆಗಳೆಲ್ಲ ಅಪಾಯಕಾರಿ ಎಂದು ಇದರ ಅರ್ಥವಲ್ಲ. ಹತೋಟಿಯಲ್ಲಿಲ್ಲದ ಬಿಪಿಯಿಂದ ಲಕ್ವ ಹೊಡೆಯುತ್ತದೆ, ಲಕ್ವ ಹೊಡೆದವರು ಇನ್ನಷ್ಟು ಬೀಳುತ್ತಾರೆ. ಅಪಾಯ ಹೆಚ್ಚುವುದು ಹೊಸ ಮಾತ್ರೆ ಶುರುವಾದಾಗ, ಪ್ರಮಾಣ ಏರಿಸಿದಾಗ, ಎರಡು ಮೂರು ಬಗೆಯವು ಒಂದೇ ಹೊತ್ತಿಗೆ ಹೊಟ್ಟೆ ಸೇರಿದಾಗ. ವಯಸ್ಸಾದ ಗಂಡಸರಿಗೆ ಪ್ರಾಸ್ಟೇಟ್ ಗ್ರಂಥಿಯ ತೊಂದರೆಗೆಂದು ಕೊಡುವ ಟ್ಯಾಮ್ಸುಲೋಸಿನ್, ಸಿಲೊಡೋಸಿನ್ ಮಾತ್ರೆಗಳೂ ರಕ್ತನಾಳವನ್ನು ಸಡಿಲಿಸುತ್ತವೆ ಎಂಬುದು ಮನೆಯವರಿಗೆ ಹೆಚ್ಚಾಗಿ ತಿಳಿದಿರುವುದಿಲ್ಲ. ಅದು 'ಮೂತ್ರದ ಮಾತ್ರೆ' ಎಂದಷ್ಟೇ ಅವರ ಲೆಕ್ಕ. ಬಿಪಿಗೆ ಬಳಸುವ ಪ್ರಜೋಸಿನ್ ಕೂಡ ಅದೇ ಕುಲದ್ದು. ಅದರ ಮೊದಲ ಮಾತ್ರೆಯೇ ಒಮ್ಮೊಮ್ಮೆ ಬಿಪಿಯನ್ನು ಥಟ್ಟನೆ ಇಳಿಸುವುದರಿಂದ, ಮೊದಲ ಸಲ ಮಲಗುವ ಹೊತ್ತಿಗೆ ತೆಗೆದುಕೊಂಡು ನೇರವಾಗಿ ಹಾಸಿಗೆಗೆ ಹೋಗುವಂತೆ ವೈದ್ಯರು ಹೇಳುತ್ತಾರೆ.

ಅತ್ತೆಯವರ ಡಬ್ಬಿಗೆ ಮರಳುತ್ತೇನೆ, ಏಕೆಂದರೆ ಒಂದು ಮಾತ್ರೆ ಇನ್ನೊಂದನ್ನು ಹೇಗೆ ಕರೆತರುತ್ತದೆ ಎಂಬುದು ಅಲ್ಲಿ ಕಣ್ಣಿಗೆ ಕಟ್ಟುವಂತಿತ್ತು. ಮೊದಲು ಬಂದದ್ದು ಬಿಪಿಗೆ ಆಮ್ಲೊಡಿಪಿನ್. ಅದು ಒಳ್ಳೆಯ ಔಷಧಿಯೇ, ಆದರೆ ಕೆಲವರಲ್ಲಿ ಪಾದದ ಬಳಿಯ ಗಂಟು ಊದಿಕೊಳ್ಳುತ್ತದೆ. ಊತ ಕಂಡ ಇನ್ನೊಬ್ಬ ವೈದ್ಯರು ಮೂತ್ರ ಹೆಚ್ಚಿಸುವ ಫ್ಯೂರೊಸೆಮೈಡ್ ಬರೆದರು. ಆಮ್ಲೊಡಿಪಿನ್‌ನಿಂದ ಬರುವ ಊತ ದೇಹದಲ್ಲಿ ನೀರು ಹೆಚ್ಚಾಗಿ ಬಂದದ್ದಲ್ಲವಾದ್ದರಿಂದ, ನೀರು ಇಳಿಸುವ ಮಾತ್ರೆಗೆ ಅದು ಅಷ್ಟಾಗಿ ಜಗ್ಗುವುದಿಲ್ಲ. ಚೀಟಿಯಲ್ಲಿ 1-0-1 ಎಂದಿತ್ತು. ಅತ್ತೆಯವರು ಎರಡನೆಯ ಮಾತ್ರೆಯನ್ನು ರಾತ್ರಿ ಊಟವಾದ ಮೇಲೆ ಒಂಬತ್ತು ಗಂಟೆಗೆ ನುಂಗುತ್ತಿದ್ದರು. ಫ್ಯೂರೊಸೆಮೈಡ್ ಒಂದು ಗಂಟೆಯೊಳಗೆ ಕೆಲಸ ಶುರುಮಾಡಿ ಸುಮಾರು ಆರು ಗಂಟೆ ನಡೆಸುತ್ತದೆ. ಅಂದರೆ ಹತ್ತಕ್ಕೆ, ಹನ್ನೆರಡಕ್ಕೆ, ಮೂರಕ್ಕೆ ಎಂದು ಅವರು ಏಳುತ್ತಿದ್ದುದು ವಯಸ್ಸಿನಿಂದಲ್ಲ, ಒಂಬತ್ತು ಗಂಟೆಯ ಮಾತ್ರೆಯಿಂದ. ನಿದ್ದೆ ಕೆಡುತ್ತದೆ ಎಂದು ಹೇಳಿಕೊಂಡದ್ದಕ್ಕೆ ಅಲ್ಪ್ರಜೋಲಾಮ್ ಬಂತು. ಹಗಲು ತಲೆಸುತ್ತು ಎಂದದ್ದಕ್ಕೆ ಸಿನ್ನರಿಜಿನ್ ಬಂತು. ಯಾವ ವೈದ್ಯರೂ ತಪ್ಪು ಮಾಡಬೇಕೆಂದು ಬರೆದವರಲ್ಲ. ಪ್ರತಿಯೊಬ್ಬರೂ ತಮ್ಮೆದುರು ಹೇಳಿದ ಒಂದು ತೊಂದರೆಗೆ ಉತ್ತರ ಕೊಟ್ಟಿದ್ದರು. ಇಡೀ ಸಾಲನ್ನು ಒಟ್ಟಿಗೆ ನೋಡಿದವರು ಮಾತ್ರ ಒಬ್ಬರೂ ಇರಲಿಲ್ಲ, ನಾವೂ ಸೇರಿದಂತೆ.

ನಿದ್ದೆ ಮಾತ್ರೆಗಳ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ಅಲ್ಪ್ರಜೋಲಾಮ್, ಕ್ಲೊನಜೆಪಾಮ್, ಡಯಾಜೆಪಾಮ್, ಜೋಲ್ಪಿಡೆಮ್ ಇವೆಲ್ಲ ನಿದ್ದೆ ತರುವುದರ ಜೊತೆಗೆ ಸಮತೋಲನವನ್ನೂ, ಸ್ನಾಯುವಿನ ಹಿಡಿತವನ್ನೂ, ಕಾಲು ಎಡವಿದಾಗ ತಕ್ಷಣ ಸಾವರಿಸಿಕೊಳ್ಳುವ ಚುರುಕನ್ನೂ ತಗ್ಗಿಸುತ್ತವೆ. ಔಷಧಿಯ ಅರ್ಧ ಪಾಲು ದೇಹದಿಂದ ಇಳಿದುಹೋಗಲು ಬೇಕಾದ ಸಮಯವನ್ನು ಅರ್ಧಾಯು ಎನ್ನುತ್ತಾರೆ. ಅಲ್ಪ್ರಜೋಲಾಮ್‌ಗೆ ಅದು ಸಾಮಾನ್ಯವಾಗಿ 11 ಗಂಟೆ, ಹಿರಿಯರಲ್ಲಿ ಸುಮಾರು 16 ಗಂಟೆ. ಕ್ಲೊನಜೆಪಾಮ್‌ಗೆ 30ರಿಂದ 40 ಗಂಟೆ. ಡಯಾಜೆಪಾಮ್‌ನದು ಇನ್ನೂ ದೀರ್ಘ: 20ರ ವಯಸ್ಸಿನವರಲ್ಲಿ 20 ಗಂಟೆಯ ಆಸುಪಾಸಿನಲ್ಲಿರುವ ಅರ್ಧಾಯು 80ರ ವಯಸ್ಸಿನವರಲ್ಲಿ 90 ಗಂಟೆಯ ಹತ್ತಿರಕ್ಕೆ ಹೋಗುತ್ತದೆ. ಹೀಗಾಗಿ ನಿನ್ನೆ ರಾತ್ರಿಯ ಮಾತ್ರೆ ಇಳಿಯುವ ಮೊದಲೇ ಇವತ್ತಿನದು ಅದರ ಮೇಲೆ ಸೇರುತ್ತದೆ, ಮತ್ತು ಬೆಳಿಗ್ಗೆ ಹನ್ನೊಂದಕ್ಕೆ ಹಿತ್ತಲಿನ ಮೆಟ್ಟಿಲಿಳಿಯುವಾಗ ಬಿದ್ದದ್ದಕ್ಕೂ ರಾತ್ರಿಯ ಮಾತ್ರೆಗೂ ಸಂಬಂಧವಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ.

ಅಲ್ಪ್ರಜೋಲಾಮ್, ಡಯಾಜೆಪಾಮ್, ಜೋಲ್ಪಿಡೆಮ್, ನೋವಿಗೆ ಕೊಡುವ ಟ್ರಮಡಾಲ್ ಇವೆಲ್ಲ ನಮ್ಮ ದೇಶದಲ್ಲಿ ಶೆಡ್ಯೂಲ್ ಎಚ್1 ಪಟ್ಟಿಯಲ್ಲಿವೆ. 2014ರ ಮಾರ್ಚ್ 1ರಿಂದ ಜಾರಿಯಲ್ಲಿರುವ ಆ ನಿಯಮದಂತೆ ವೈದ್ಯರ ಚೀಟಿಯಿಲ್ಲದೆ ಇವನ್ನು ಮಾರುವಂತಿಲ್ಲ, ಮಾರಿದ್ದನ್ನು ಅಂಗಡಿಯವರು ಪುಸ್ತಕದಲ್ಲಿ ಬರೆದಿಟ್ಟು ಮೂರು ವರ್ಷ ಕಾಪಾಡಬೇಕು. ಆದರೂ ಎಷ್ಟೋ ಮನೆಗಳಲ್ಲಿ ಐದು ವರ್ಷ ಹಳೆಯ ಚೀಟಿಯನ್ನೋ ಖಾಲಿ ಸ್ಟ್ರಿಪ್ಪನ್ನೋ ಹಿಡಿದು ಮೆಡಿಕಲ್ ಶಾಪಿಗೆ ಹೋಗುವುದು ನಡೆದೇ ಇದೆ. ಹದಿನೈದು ದಿನಕ್ಕೆಂದು ಶುರುವಾದ ನಿದ್ದೆ ಮಾತ್ರೆ ಹದಿನೈದು ವರ್ಷ ಮುಂದುವರಿಯುವುದು ಹೀಗೆಯೇ.

ಇದನ್ನು ಓದಿದವರು ಇಂದೇ ರಾತ್ರಿ ಆ ಮಾತ್ರೆಯನ್ನು ನಿಲ್ಲಿಸಬಾರದು. ಬಹುಕಾಲ ತೆಗೆದುಕೊಂಡ ನಿದ್ದೆ ಮಾತ್ರೆಯನ್ನು ಥಟ್ಟನೆ ಬಿಟ್ಟರೆ ಫಿಟ್ಸ್ ಬರುವ ಅಪಾಯವಿದೆ. ಹೃದಯದ ಬಡಿತ ತಗ್ಗಿಸುವ ಮೆಟೊಪ್ರೊಲಾಲ್‌ನಂಥವನ್ನು ಹಾಗೆ ಬಿಟ್ಟರೆ ಎದೆನೋವು ಮರುಕಳಿಸಬಹುದು. ಸ್ಟೀರಾಯ್ಡ್ ನಿಲ್ಲಿಸಿದರೆ ಜೀವಕ್ಕೇ ಕುತ್ತು ಬರಬಹುದು. ವೈದ್ಯರು ವಾರಗಳ, ಕೆಲವೊಮ್ಮೆ ತಿಂಗಳುಗಳ ಅವಧಿಯಲ್ಲಿ ಪ್ರಮಾಣವನ್ನು ಮೆಲ್ಲಗೆ ಇಳಿಸುತ್ತಾರೆ. ಆ ತಾಳ್ಮೆಗೆ ಫಲವಿದೆ. ನ್ಯೂಜಿಲೆಂಡಿನಲ್ಲಿ 65 ದಾಟಿದ 93 ಜನರ ಮೇಲೆ ನಡೆದು 1999ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿದ್ದೆ ಮತ್ತು ಮನಸ್ಸಿಗೆ ಸಂಬಂಧಿಸಿದ ಮಾತ್ರೆಗಳನ್ನು ಹಂತಹಂತವಾಗಿ ಬಿಡಿಸಿದ ಗುಂಪಿನಲ್ಲಿ ಬೀಳುವ ಅಪಾಯ ಶೇ 66ರಷ್ಟು ಕಡಿಮೆಯಾಯಿತು. ಅದೇ ಅಧ್ಯಯನ ಮುಗಿದ ಒಂದೇ ತಿಂಗಳಲ್ಲಿ, ಬಿಟ್ಟವರಲ್ಲಿ ಸುಮಾರು ಅರ್ಧದಷ್ಟು ಜನ ಮತ್ತೆ ಮಾತ್ರೆಗೆ ಮರಳಿದರು. ಬಿಡುವುದು ಎಷ್ಟು ಕಷ್ಟವೆಂಬುದಕ್ಕೂ, ಆ ದಿನಗಳಲ್ಲಿ ಮನೆಯವರು ಜೊತೆಗಿರಬೇಕೆಂಬುದಕ್ಕೂ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ.

ಇನ್ನು, ಔಷಧಿ ಎಂದು ಯಾರೂ ಲೆಕ್ಕಕ್ಕೆ ಹಿಡಿಯದ ಕೆಲವು ಔಷಧಿಗಳಿವೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನುಂಗುವ 'ಗ್ಯಾಸ್ ಮಾತ್ರೆ'ಯನ್ನೇ ನೋಡಿ. ರಾಬೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲ್ ಜೊತೆ ಲೆವೊಸಲ್ಪಿರೈಡ್ ಸೇರಿಸಿದ ಕ್ಯಾಪ್ಸೂಲುಗಳು ನಮ್ಮಲ್ಲಿ ಧಾರಾಳವಾಗಿ ಬಳಕೆಯಲ್ಲಿವೆ. ಈ ಲೆವೊಸಲ್ಪಿರೈಡ್ ಮೆದುಳಿನ ಡೋಪಮಿನ್ ಎಂಬ ರಾಸಾಯನಿಕದ ಕೆಲಸವನ್ನು ತಡೆಯುವುದರಿಂದ, ತಿಂಗಳುಗಟ್ಟಲೆ ತೆಗೆದುಕೊಂಡ ಹಿರಿಯರಲ್ಲಿ ಕೆಲವರಿಗೆ ಪಾರ್ಕಿನ್ಸನ್ ಕಾಯಿಲೆಯಂಥದೇ ಲಕ್ಷಣಗಳು ಬರುತ್ತವೆ: ಮೈ ಬಿಗಿಯುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ, ಕೈ ನಡುಗುತ್ತದೆ, ತಿರುಗುವಾಗ ಕಾಲು ನೆಲಕ್ಕೆ ಅಂಟಿದಂತಾಗುತ್ತದೆ. ತಲೆಸುತ್ತಿಗೆಂದು ಕೊಡುವ ಸಿನ್ನರಿಜಿನ್ ಮತ್ತು ಪ್ರೊಕ್ಲೋರ್‌ಪೆರಜಿನ್ ಮಾಡುವುದೂ ಇದನ್ನೇ. ಕೆಲವು ದಿನಕ್ಕೆ ಉಪಯುಕ್ತವಾದ ಈ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ, ಬೀಳದಿರಲೆಂದು ತೆಗೆದುಕೊಂಡದ್ದೇ ಬೀಳಿಸುತ್ತದೆ. ಕಾರಣವನ್ನು ಗುರುತಿಸಿ ವೈದ್ಯರು ನಿಲ್ಲಿಸಿದರೆ ಹೆಚ್ಚಿನವರಲ್ಲಿ ವಾರಗಳು ಅಥವಾ ತಿಂಗಳುಗಳಲ್ಲಿ ನಡಿಗೆ ಸುಧಾರಿಸುತ್ತದೆ. ಗುರುತಿಸದಿದ್ದರೆ ಪಾರ್ಕಿನ್ಸನ್‌ಗೆಂದು ಇನ್ನೊಂದು ಮಾತ್ರೆ ಸೇರಿಕೊಳ್ಳುತ್ತದೆ.

'ನರದ ಮಾತ್ರೆ' ಎಂಬ ಹೆಸರಿನದೂ ಅಂಥದೇ. ಕಾಲು ಜೋಮು ಹಿಡಿಯುತ್ತದೆ, ಅಂಗಾಲು ಉರಿಯುತ್ತದೆ ಎಂದವರಿಗೆ ಮಿಥೈಲ್‌ಕೊಬಾಲಮಿನ್ ಜೊತೆ ಪ್ರಿಗ್ಯಾಬಲಿನ್, ಒಮ್ಮೊಮ್ಮೆ ನಾರ್‌ಟ್ರಿಪ್ಟಿಲಿನ್ ಕೂಡ ಸೇರಿದ ಮಾತ್ರೆ ಸಿಗುತ್ತದೆ. ಮಿಥೈಲ್‌ಕೊಬಾಲಮಿನ್ ವಿಟಮಿನ್ ಆದ್ದರಿಂದ ಇಡೀ ಮಾತ್ರೆಯೇ ವಿಟಮಿನ್ ಎಂದುಕೊಂಡು, ವೈದ್ಯರು ಕೇಳಿದಾಗ ಹೇಳುವುದನ್ನೇ ಬಿಡುತ್ತಾರೆ. ಪ್ರಿಗ್ಯಾಬಲಿನ್ ಮಂಪರನ್ನೂ ಓಲಾಟವನ್ನೂ ತರುತ್ತದೆ, ಅದು ಹೆಚ್ಚುಕಡಿಮೆ ಪೂರ್ತಿಯಾಗಿ ಮೂತ್ರಪಿಂಡದ ಮೂಲಕವೇ ಹೊರಹೋಗಬೇಕು. ವಯಸ್ಸಾದಂತೆ ಮೂತ್ರಪಿಂಡದ ಸೋಸುವ ಶಕ್ತಿ ಕುಗ್ಗುತ್ತದೆ, ಆದರೆ ಸ್ನಾಯು ಕರಗಿದ ಹಿರಿಯರಲ್ಲಿ, ಸ್ನಾಯುವಿನಿಂದ ಬಂದು ಮೂತ್ರಪಿಂಡ ಸೋಸಿ ಹೊರಹಾಕುವ ಕ್ರಿಯಾಟಿನಿನ್ ಎಂಬ ಕಶ್ಮಲ ಹುಟ್ಟುವುದೇ ಕಡಿಮೆಯಾದ್ದರಿಂದ ರಕ್ತಪರೀಕ್ಷೆಯ ಅಂಕಿ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ರಕ್ತಪರೀಕ್ಷೆಯ ವರದಿಯಲ್ಲಿ, ಮೂತ್ರಪಿಂಡದ ಸೋಸುವ ಶಕ್ತಿಯನ್ನು ಅಂದಾಜಿಸುವ ಇಜಿಎಫ್ಆರ್ ಎಂಬ ಸಾಲನ್ನೂ ನೋಡುವಂತೆ ವೈದ್ಯರನ್ನು ಕೇಳುವುದು ಒಳ್ಳೆಯದು. ನೆಗಡಿಗೆ ಅಂಗಡಿಯಲ್ಲಿ ಕೇಳಿ ತರುವ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮಿನ್ ಮಂಪರಿನ ಜೊತೆಗೆ ಗಲಿಬಿಲಿಯನ್ನೂ ತರಬಲ್ಲದು. ಕಣ್ಣಿನ ನರವನ್ನು ಕೆಡಿಸುವ ಗ್ಲಾಕೊಮಾ ಕಾಯಿಲೆಗೆ ಹಾಕುವ ಟಿಮೊಲಾಲ್ ಹನಿ ಕಣ್ಣಿನಿಂದ ಮೂಗಿಗಿಳಿದು ರಕ್ತ ಸೇರಿ ಹೃದಯದ ಬಡಿತವನ್ನು ತಗ್ಗಿಸಬಹುದು. ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಬೆರಳಿನಿಂದ ಮೆದುವಾಗಿ ಒತ್ತಿ ಹಿಡಿದರೆ ರಕ್ತಕ್ಕೆ ಹೋಗುವ ಪಾಲು ಕಡಿಮೆಯಾಗುತ್ತದೆ.

ಸಕ್ಕರೆ ಕಾಯಿಲೆಯ ಮಾತ್ರೆಗಳಲ್ಲಿ ಎಲ್ಲವೂ ಒಂದೇ ಅಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಸಕ್ಕರೆ ಅಂಶ ತೀರಾ ಇಳಿಯುವುದು ಅಪರೂಪ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮತ್ತು ಇನ್ಸುಲಿನ್ ಹಾಗಲ್ಲ; ಅವು ಊಟ ಬರುತ್ತದೆಂದು ನಂಬಿ ಕೆಲಸ ಮಾಡುತ್ತವೆ. ಏಕಾದಶಿಯಂದೋ ಶಿವರಾತ್ರಿಯಂದೋ ಉಪವಾಸವಿದ್ದು ಮಾತ್ರೆಯನ್ನು ಮಾತ್ರ ತಪ್ಪದೆ ನುಂಗಿದವರಿಗೆ ಸಕ್ಕರೆ ಅಂಶ 70ಕ್ಕಿಂತ ಕೆಳಗಿಳಿದು, ಬೆವರು, ನಡುಕ, ಗಲಿಬಿಲಿ ಶುರುವಾಗಿ, ದೇವರ ಮುಂದೆಯೇ ಕುಸಿಯುವುದುಂಟು. ವ್ರತ ಬಿಡಿ ಎಂದು ನಾನು ಹೇಳುತ್ತಿಲ್ಲ. ವ್ರತದ ದಿನ ಮಾತ್ರೆ ಹೇಗೆ ಎಂಬುದನ್ನು ವಾರ ಮೊದಲೇ ವೈದ್ಯರಲ್ಲಿ ಕೇಳಿಟ್ಟುಕೊಳ್ಳಬೇಕು. ಹಲವು ಕಾಯಿಲೆಗಳಿರುವ ಹಿರಿಯರಿಗೆ, ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ 8ರ ಒಳಗಿದ್ದರೆ ಸಾಕೆಂದು ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿಯೇ ಹೇಳುವಾಗ, ಎಂಬತ್ತು ದಾಟಿದವರನ್ನು 6.5ಕ್ಕೆ ಇಳಿಸಲು ಹೊರಡುವುದು ಅವರನ್ನು ನೆಲಕ್ಕೆ ಬೀಳಿಸುವ ದಾರಿ.

ಉಪ್ಪಿನ ವಿಷಯವೂ ಹೀಗೆಯೇ. ಬಿಪಿ ಇದೆಯೆಂದು ಸಪ್ಪೆ ಊಟ ಮಾಡುವವರು, ಹೈಡ್ರೋಕ್ಲೋರೋಥಯಜೈಡ್ ಇರುವ ಬಿಪಿ ಮಾತ್ರೆಯನ್ನೂ ಎಸ್ಸಿಟಲೊಪ್ರಾಮ್‌ನಂಥ ಮನಸ್ಸಿನ ಮಾತ್ರೆಯನ್ನೂ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದರೆ, ರಕ್ತದ ಸೋಡಿಯಂ 135ರ ಕೆಳಗೆ ಜಾರಬಹುದು. ನಿಶ್ಶಕ್ತಿ, ತೂಕಡಿಕೆ, ಓಲಾಡುವ ನಡಿಗೆ ಅದರ ಗುರುತು. 'ಯಾಕೋ ಅಜ್ಜಿ ಎರಡು ದಿನದಿಂದ ಮಂಕಾಗಿದ್ದಾರೆ' ಎಂದು ಮನೆಯಲ್ಲಿ ಹೇಳಿಕೊಳ್ಳುವಾಗಲೇ ಒಂದು ಸಣ್ಣ ರಕ್ತಪರೀಕ್ಷೆ ಮಾಡಿಸಿದರೆ ಇದು ಗೊತ್ತಾಗುತ್ತದೆ.

ಹೀಗೆಲ್ಲ ಇರುವಾಗ ಮನೆಯವರು ಮಾಡಬಹುದಾದ ಅತ್ಯಂತ ಫಲಕಾರಿ ಕೆಲಸವೆಂದರೆ, ಮನೆಯಲ್ಲಿರುವ ಎಲ್ಲ ಮಾತ್ರೆ, ಹನಿ, ಸಿರಪ್, ಮುಲಾಮು, ಆಯುರ್ವೇದದ ಚೂರ್ಣದವರೆಗೆ ಒಂದು ಚೀಲಕ್ಕೆ ತುಂಬಿಕೊಂಡು ಒಬ್ಬ ವೈದ್ಯರ ಮುಂದೆ ಇಡುವುದು. ಬಾಯಲ್ಲಿ ಹೇಳಿದರೆ ಸಾಲದು, ಏಕೆಂದರೆ 'ಬಿಳಿ ಚಿಕ್ಕ ಮಾತ್ರೆ' ಎಂದರೆ ಯಾವುದೂ ಆಗಬಹುದು. ಸ್ಟ್ರಿಪ್ಪಿನ ಮೇಲೆ ಕಂಪನಿ ಇಟ್ಟ ಹೆಸರು ದೊಡ್ಡದಾಗಿದ್ದು ಔಷಧಿಯ ಹೆಸರು ಚಿಕ್ಕ ಅಕ್ಷರದಲ್ಲಿರುತ್ತದೆ. ಓದಬೇಕಾದದ್ದು ಆ ಚಿಕ್ಕ ಅಕ್ಷರವನ್ನೇ. ಒಂದು ಆಸ್ಪತ್ರೆಯಲ್ಲಿ ಬರೆದ ಕಂಪನಿಯ ಮಾತ್ರೆಯೂ ಜನೌಷಧಿ ಕೇಂದ್ರದಿಂದ ತಂದ ಮಾತ್ರೆಯೂ ಟೆಲ್ಮಿಸಾರ್ಟನ್ ಎಂಬ ಒಂದೇ ಬಿಪಿ ಔಷಧಿ ಆಗಿದ್ದು, ಎರಡನ್ನೂ ದಿನವೂ ನುಂಗುತ್ತಿರುವವರನ್ನು ನಾನು ಕಂಡಿದ್ದೇನೆ. ಹೆಸರಿನ ಹಿಂದೆ ಬರುವ ಅಕ್ಷರಗಳಿಗೂ ಅರ್ಥವಿದೆ: ಬಿಪಿ ಮಾತ್ರೆಗೆ ಎಎಂ ಸೇರಿದ್ದರೆ ಸಾಮಾನ್ಯವಾಗಿ ಆಮ್ಲೊಡಿಪಿನ್, ಎಚ್ ಸೇರಿದ್ದರೆ ಹೈಡ್ರೋಕ್ಲೋರೋಥಯಜೈಡ್ ಅದರೊಳಗೇ ಇದೆ ಎಂದರ್ಥ. ಅದನ್ನು ಗಮನಿಸದೆ ಆಮ್ಲೊಡಿಪಿನ್ ಅನ್ನು ಬೇರೆಯಾಗಿಯೂ ತೆಗೆದುಕೊಂಡರೆ ಪ್ರಮಾಣ ಇಮ್ಮಡಿಯಾಗುತ್ತದೆ.

ಅತ್ತೆಯವರ ಚೀಲವನ್ನು ಹಾಗೆ ತೆಗೆದುಕೊಂಡು ಹೋದಾಗ ವೈದ್ಯರು ಮೊದಲು ಮಾಡಿದ್ದು ಕೆಲವೇ ನಿಮಿಷಗಳ ಒಂದು ಪರೀಕ್ಷೆ. ಮಲಗಿಸಿ ಐದು ನಿಮಿಷ ಬಿಟ್ಟು ಬಿಪಿ ನೋಡಿದರು: 146/82. ನಿಲ್ಲಿಸಿ ಒಂದು ನಿಮಿಷಕ್ಕೆ ನೋಡಿದಾಗ 112/70. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಗಮನಿಸಬೇಕಾದ ಇಳಿತ; ಇಲ್ಲಿ ಮೇಲಿನದು 34 ಇಳಿದಿತ್ತು. ಕುಳಿತಾಗ ಮಾತ್ರ ಬಿಪಿ ನೋಡುತ್ತಿದ್ದ ನಮಗೆ ಇದು ಎಂದೂ ಕಾಣುತ್ತಿರಲಿಲ್ಲ. ತೋಳಿಗೆ ಕಟ್ಟುವ ಡಿಜಿಟಲ್ ಯಂತ್ರವಿರುವ ಮನೆಯಲ್ಲಿ ಯಾರು ಬೇಕಾದರೂ ಇದನ್ನು ಮಾಡಬಹುದು: ಮಲಗಿದಾಗ ಒಮ್ಮೆ, ನಿಂತ ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಒಮ್ಮೊಮ್ಮೆ, ಪಕ್ಕದಲ್ಲಿ ಒಬ್ಬರು ಹಿಡಿದುಕೊಳ್ಳಲು ಸಿದ್ಧರಾಗಿ ನಿಂತಿರಬೇಕು ಅಷ್ಟೆ. ಬೆಳಿಗ್ಗೆ ಎದ್ದಾಗ ಒಂದು ದಿನ, ಮಾತ್ರೆ ತೆಗೆದುಕೊಂಡ ಎರಡು ಗಂಟೆಯ ಮೇಲೆ ಇನ್ನೊಂದು ದಿನ ನೋಡಿ ಬರೆದಿಟ್ಟರೆ ವೈದ್ಯರಿಗೆ ಬೇಕಾದದ್ದು ಸಿಗುತ್ತದೆ.

ಅವರ ಫ್ಯೂರೊಸೆಮೈಡ್ ನಿಂತಿತು, ಆಮ್ಲೊಡಿಪಿನ್ ಬದಲಾಯಿತು, ಸಿನ್ನರಿಜಿನ್ ನಿಂತಿತು, ಅಲ್ಪ್ರಜೋಲಾಮ್ ಇಳಿಯಲು ಮೂರು ತಿಂಗಳು ಹಿಡಿಯಿತು. ಮೊದಲ ಎರಡು ವಾರ ಅವರು ಸರಿಯಾಗಿ ನಿದ್ದೆ ಮಾಡಲಿಲ್ಲ, ನಾವೂ ಮಾಡಲಿಲ್ಲ. ಎಲ್ಲರಿಗೂ ಮಾತ್ರೆ ನಿಲ್ಲಿಸಬೇಕಾಗುವುದಿಲ್ಲ. ಹೃದಯದ ದೌರ್ಬಲ್ಯವಿದ್ದವರಿಗೆ ಫ್ಯೂರೊಸೆಮೈಡ್ ಬೇಕೇ ಬೇಕು. ಎರಡನೆಯ ಮಾತ್ರೆಯನ್ನು ರಾತ್ರಿಯ ಬದಲು ಮಧ್ಯಾಹ್ನ ಎರಡು ಮೂರು ಗಂಟೆಗೆ ತರಬಹುದೇ ಎಂದು ವೈದ್ಯರನ್ನು ಕೇಳಿದರೆ ರಾತ್ರಿಯ ಓಡಾಟ ತಪ್ಪುತ್ತದೆ. ಬಿಪಿ ಮಾತ್ರೆಯ ಹೊತ್ತನ್ನು ಬದಲಿಸಲೂ ಅಂಜಬೇಕಾಗಿಲ್ಲ. ಬ್ರಿಟನ್ನಿನಲ್ಲಿ 21,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2022ರಲ್ಲಿ ಪ್ರಕಟವಾದ ಟೈಮ್ ಅಧ್ಯಯನದಲ್ಲಿ, ಮಾತ್ರೆಯನ್ನು ಬೆಳಿಗ್ಗೆ ತೆಗೆದುಕೊಂಡವರಿಗೂ ರಾತ್ರಿ ತೆಗೆದುಕೊಂಡವರಿಗೂ ಹೃದಯಾಘಾತ, ಲಕ್ವದ ವಿಷಯದಲ್ಲಿ ವ್ಯತ್ಯಾಸ ಕಂಡುಬರಲಿಲ್ಲ. ಆದ್ದರಿಂದ ಬೀಳುವ ಅಪಾಯ ಕಡಿಮೆಯಿರುವ ಹೊತ್ತನ್ನು ವೈದ್ಯರೊಡನೆ ಕುಳಿತು ಆರಿಸಿಕೊಳ್ಳಬಹುದು.

ಮಾತ್ರೆಯ ಜೊತೆ ಸೇರಿ ಬಿಪಿಯನ್ನು ಇಳಿಸುವ ದಿನನಿತ್ಯದ ಸಂಗತಿಗಳೂ ಇವೆ. ಎಣ್ಣೆ ಹಚ್ಚಿಕೊಂಡು ಹಂಡೆಯ ಬಿಸಿಬಿಸಿ ನೀರು ಹೊಯ್ದುಕೊಂಡಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ. ಬೆಳಗಿನ ಬಿಪಿ ಮಾತ್ರೆ ನುಂಗಿದ ಗಂಟೆಯೊಳಗೆ ಅಂಥ ಸ್ನಾನ ಬೇಡ, ಮಾಡುವಾಗ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತೇ ಮಾಡಬೇಕು. ಹೊಟ್ಟೆತುಂಬ ಅನ್ನದ ಊಟವಾದ ಮೇಲೆ ಒಂದೆರಡು ಗಂಟೆ ಕೆಲವರಿಗೆ ಬಿಪಿ ತಗ್ಗುತ್ತದೆ. ಪೂಜೆಗೆಂದು ಬಹಳ ಹೊತ್ತು ಚಕ್ಕಳಮಕ್ಕಳ ಕುಳಿತವರು ಮಂಗಳಾರತಿಗೆ ಥಟ್ಟನೆ ಏಳುವುದು, ದೇವಸ್ಥಾನದಲ್ಲಿ ಅಡ್ಡಬಿದ್ದು ತಕ್ಷಣ ನಿಲ್ಲುವುದು, ಇವು ನಮ್ಮ ಮನೆಗಳಲ್ಲಿ ನಾನೇ ಕಂಡಿರುವ ಬೀಳುವ ಗಳಿಗೆಗಳು. ಹಾಸಿಗೆಯಿಂದ ಏಳುವಾಗ ಅಂಚಿಗೆ ಕುಳಿತು, ಪಾದವನ್ನು ಹತ್ತಿಪ್ಪತ್ತು ಸಲ ಮೇಲೆ ಕೆಳಗೆ ಆಡಿಸಿ, ನಿಂತ ಮೇಲೂ ಮಂಚ ಹಿಡಿದು ಒಂದು ಗಳಿಗೆ ತಡೆದು ಹೆಜ್ಜೆ ಇಟ್ಟರೆ, ಕಾಲಿನ ಸ್ನಾಯುಗಳು ರಕ್ತವನ್ನು ಮೇಲಕ್ಕೆ ದೂಡುತ್ತವೆ.

ಎಷ್ಟು ಎಚ್ಚರವಿದ್ದರೂ ಕೆಲವರು ಬೀಳುತ್ತಾರೆ. ಅಂಥವರು ವಾರ್ಫರಿನ್, ಅಸೆನೊಕೌಮರಾಲ್, ಅಪಿಕ್ಸಬಾನ್‌ನಂಥ ರಕ್ತ ತೆಳುಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದು ತಲೆಗೆ ಪೆಟ್ಟಾಗಿದ್ದರೆ, ಗಾಯ ಕಾಣದಿದ್ದರೂ, ಮಾತು ಸರಿಯಾಗಿದ್ದರೂ, 'ಏನೂ ಆಗಿಲ್ಲ, ಮಲಗಿದರೆ ಸರಿಹೋಗುತ್ತದೆ' ಎಂದು ಅವರೇ ಹೇಳಿದರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಲ್ಲೂ ತಲೆಯ ಪೆಟ್ಟನ್ನು ವೈದ್ಯರಿಗೆ ತೋರಿಸದೆ ಬಿಡಬಾರದು. ತಲೆಬುರುಡೆಯೊಳಗಿನ ರಕ್ತಸ್ರಾವ ಕೆಲವೊಮ್ಮೆ ದಿನಗಳು, ವಾರಗಳ ನಂತರ ತಲೆನೋವು, ತೂಕಡಿಕೆ, ಒಂದು ಬದಿಯ ನಿಶ್ಶಕ್ತಿ ಅಥವಾ ಮರೆವಾಗಿ ಕಾಣಿಸಿಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆ ಆ ಮಾತ್ರೆಯ ಹೆಸರು ಮತ್ತು ಅದನ್ನು ಕೊನೆಯ ಸಲ ನುಂಗಿದ ಹೊತ್ತು. ಅತ್ತೆಯವರ ಮಾತ್ರೆಗಳ ಹೆಸರು, ಪ್ರಮಾಣ, ಹೊತ್ತು ಬರೆದ ಒಂದು ಹಾಳೆ ಈಗ ಅವರ ಕನ್ನಡಕದ ಪೆಟ್ಟಿಗೆಯಲ್ಲಿ ಮಡಚಿಟ್ಟಿದೆ, ಅದರ ಫೋಟೋ ಮನೆಯವರೆಲ್ಲರ ಫೋನಿನಲ್ಲಿದೆ, ಮತ್ತು ಮಾತ್ರೆ ಬದಲಾದ ದಿನವೇ ಹಾಳೆಯೂ ಬದಲಾಗುತ್ತದೆ.